ಚಿಪ್ಪು ಹುಡುಕಿ ಹೋದವನು ಮತ್ತು ಅವನ ಗೆಳೆಯರು

ನಾವು ದಿನಬೆಳಗಾದರೆ ಬಾಯಿಗೆ ತರುವ ‘ರಿಕ್ಷಾ’ ಎಂಬ ಪದ ಹುಟ್ಟಿದ್ದು ಜಪಾನಿನಲ್ಲಿ. ‘ಜಿನ್’ ಎಂದರೆ ಮನುಷ್ಯ, ‘ರಿಕಿ’ ಎಂದರೆ ಬಲ, ‘ಶಾ’ ಎಂದರೆ ಗಾಡಿ. ಮನುಷ್ಯ ತನ್ನ ಬಲದಿಂದ ಎಳೆಯುವ ಗಾಡಿ ಜಿನ್‌ರಿಕಿಶಾ. 1870ರ ಸುಮಾರಿಗೆ ಟೋಕಿಯೋದ ಬೀದಿಗಳಲ್ಲಿ ಕಾಣಿಸಿಕೊಂಡ ಈ ಗಾಡಿ ಕೆಲವೇ ವರ್ಷಗಳಲ್ಲಿ ಜಪಾನಿನ ಊರೂರಿಗೂ, ಆಮೇಲೆ ಏಷ್ಯಾದ ಬೇರೆ ದೇಶಗಳಿಗೂ ಹರಡಿತು. ಪದದ ತಲೆ ದಾರಿಯಲ್ಲೆಲ್ಲೋ ಉದುರಿ, ನಮ್ಮ ಕೈಗೆ ಬಂದಾಗ ಬರೀ ‘ರಿಕ್ಷಾ’ ಆಗಿತ್ತು.

1882ರ ಬೇಸಿಗೆಯಲ್ಲಿ ಮೂವರು ಅಮೆರಿಕನ್ ಗೆಳೆಯರು ಟೋಕಿಯೋದಿಂದ ಕ್ಯೋಟೋ ಕಡೆಗೆ ಹೊರಟಾಗ ಅವರ ಪ್ರಯಾಣದ ಬಹುಪಾಲು ಸಾಗಿದ್ದು ಇಂಥ ಗಾಡಿಗಳಲ್ಲೇ. ಎರಡೂ ನಗರಗಳ ನಡುವೆ ರೈಲುದಾರಿ ಪೂರ್ತಿಯಾಗಿದ್ದು 1889ರಲ್ಲಿ. ಅದಕ್ಕೆ ಮೊದಲು ಸುಮಾರು 500 ಕಿಲೋಮೀಟರ್ ಉದ್ದದ ತೊಕಾಯ್ದೊ ಹೆದ್ದಾರಿಯಲ್ಲಿ ಹೋಗಬೇಕಾದವರಿಗೆ ಒಂದೋ ಕಾಲು, ಇಲ್ಲವೇ ಇನ್ನೊಬ್ಬರ ಕಾಲು. ಆ ಮೂವರು ಯಾವುದೋ ಸರ್ಕಾರಿ ಕೆಲಸಕ್ಕೆ ಹೊರಟವರಲ್ಲ. ಊರು ನೋಡಬೇಕು, ತಮಗಿಷ್ಟವಾದ ವಸ್ತುಗಳನ್ನು ಹುಡುಕಬೇಕು, ಕಂಡದ್ದನ್ನು ಸಂಜೆ ಒಟ್ಟಿಗೆ ಕೂತು ನೋಡಬೇಕು. ಅಷ್ಟೇ. ಪರದೇಶದಲ್ಲಿರುವ ಗೆಳೆಯರು ರಜೆಯಲ್ಲಿ ಸಾಮಾನ್ಯವಾಗಿ ಮಾಡುವುದು ಇದನ್ನೇ. ಆದರೆ ಈ ಪ್ರವಾಸದಲ್ಲಿ ಸೇರಿದ ಸಾಮಾನು ಮುಂದೆ ಒಂದು ದೇಶದ ಕಲಾ ಇತಿಹಾಸವನ್ನೇ ಎರಡು ದೇಶಗಳಿಗೆ ಹಂಚಿಬಿಟ್ಟಿತು. ಆ ಕತೆಯನ್ನು ಓದುತ್ತಾ ಹೋದ ಹಾಗೆಲ್ಲ ನನಗೆ ಒಂದು ಪ್ರಶ್ನೆ ಬಿಡದೆ ಕಾಡಿದೆ: ಹವ್ಯಾಸ ಎನ್ನುವುದು ಎಲ್ಲಿಯವರೆಗೆ ಬರೀ ಹವ್ಯಾಸವಾಗಿ ಉಳಿಯುತ್ತದೆ?

ಮೂವರಲ್ಲಿ ಹಿರಿಯ ಎಡ್ವರ್ಡ್ ಮೋರ್ಸ್. 1838ರಲ್ಲಿ ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಹುಟ್ಟಿದವನು. ಶಾಲೆಗಳು ಅವನಿಗೆ ಒಗ್ಗಲಿಲ್ಲ. ಒಂದೆರಡು ಕಡೆ ಹೊರಗೇ ಹಾಕಿದರು. ಕಡಲತೀರದ ಚಿಪ್ಪು ಆಯುವುದು ಮಾತ್ರ ಹುಡುಗನಿಗೆ ಎಲ್ಲಿಲ್ಲದ ಹುಚ್ಚು. ಆ ಹುಚ್ಚೇ ಅವನನ್ನು ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿಯ ಬಳಿಗೆ ಕರೆದೊಯ್ದಿತು. ಬ್ರಾಕಿಯೊಪಾಡ್ ಎಂಬ ಚಿಪ್ಪುಜೀವಿಗಳು ಜಪಾನಿನ ಕಡಲಲ್ಲಿ ಬಗೆಬಗೆಯಾಗಿ ಸಿಗುತ್ತವೆ ಎಂದು ಕೇಳಿ 1877ರ ಜೂನ್ ತಿಂಗಳಲ್ಲಿ ಅವನು ಅಲ್ಲಿಗೆ ಹೋದ. ಹೋದದ್ದು ಸ್ವಂತ ಆಸಕ್ತಿಯಿಂದ. ಆದರೆ ಹೊಸದಾಗಿ ತೆರೆದಿದ್ದ ಟೋಕಿಯೋ ವಿಶ್ವವಿದ್ಯಾಲಯ ಅವನನ್ನು ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ಇರಿಸಿಕೊಂಡಿತು. ಎನೊಶಿಮಾ ಎಂಬಲ್ಲಿ ಮೀನುಗಾರರ ಗುಡಿಸಲೊಂದನ್ನು ಹಿಡಿದು ಕಡಲಜೀವಿಗಳ ಪ್ರಯೋಗಾಲಯ ಮಾಡಿಕೊಂಡ. ಜಪಾನಿನ ವಿದ್ಯಾರ್ಥಿಗಳಿಗೆ ಡಾರ್ವಿನ್ನನ ವಿಕಾಸವಾದವನ್ನು ಪಾಠ ಮಾಡಿದ.

ಬಂದ ಹೊಸತರಲ್ಲಿ ಯೊಕೊಹಾಮಾದಿಂದ ಟೋಕಿಯೋಗೆ ರೈಲಿನಲ್ಲಿ ಹೋಗುವಾಗ ಒಮೊರಿ ಎಂಬಲ್ಲಿ ಹಳಿಯ ಪಕ್ಕದ ದಿಬ್ಬದಲ್ಲಿ ಚಿಪ್ಪುಗಳ ಪದರವೊಂದು ಅವನ ಕಣ್ಣಿಗೆ ಬಿತ್ತು. ದಿನವೂ ಆ ದಾರಿಯಲ್ಲಿ ಓಡಾಡುವ ಸಾವಿರಾರು ಮಂದಿಗೆ ಅದು ಬರೀ ಮಣ್ಣಿನ ದಿಬ್ಬ. ಚಿಪ್ಪಿನ ಹುಚ್ಚಿನವನಿಗೆ ಅದು ಪ್ರಾಚೀನ ಮನುಷ್ಯರು ತಿಂದು ಎಸೆದ ಚಿಪ್ಪುಗಳ ರಾಶಿ. ಅದೇ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿ ಅಗೆದ. ಜಪಾನಿನ ಆಧುನಿಕ ಪುರಾತತ್ತ್ವ ಶಾಸ್ತ್ರ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ. ಅಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲೆ ಹುರಿಯನ್ನು ಒತ್ತಿ ಮಾಡಿದ ಗುರುತುಗಳಿದ್ದವು. ಹುರಿಗುರುತಿನ ಮಡಕೆ ಎಂದು ಅವನು ಕರೆದದ್ದಕ್ಕೆ ಜಪಾನೀ ಮಾತು ‘ಜೋಮೊನ್’. ಇವತ್ತು ಜಪಾನಿನ ಶಿಲಾಯುಗದ ಒಂದು ಇಡೀ ಕಾಲಘಟ್ಟಕ್ಕೆ ಅದೇ ಹೆಸರು.

ಚಿಪ್ಪಿನಿಂದ ಮಡಕೆಗೆ ಬಂದವನು ಅಲ್ಲಿಂದ ಪಿಂಗಾಣಿ, ಚಹಾ ಬಟ್ಟಲು, ಹೂಜಿಗಳತ್ತ ಹೊರಳಿದ. ಈ ಹೊರಳುವಿಕೆಯ ಹಿಂದೆ ಒಬ್ಬ ಗೆಳೆಯನಿದ್ದ. ಅವನ ಹೆಸರು ನಿನಾಗಾವಾ ನೊರಿತಾನೆ. 1835ರಲ್ಲಿ ಕ್ಯೋಟೋದಲ್ಲಿ ಹುಟ್ಟಿದ ನಿನಾಗಾವಾ ಹಳೆಯ ವಸ್ತುಗಳ ದೊಡ್ಡ ಪಂಡಿತ. ಜಪಾನಿನ ಕುಂಬಾರಿಕೆಯ ಬಗ್ಗೆ ಚಿತ್ರಸಹಿತ ಸಂಪುಟಗಳನ್ನು ಹೊರತಂದವನು. ಯಾವ ಬಟ್ಟಲು ಯಾವ ಸೀಮೆಯ ಜೇಡಿಮಣ್ಣಿನದು, ಯಾವ ಕುಲುಮೆಯದು, ಯಾರ ಮುದ್ರೆ ಅಸಲಿ, ಯಾರದು ನಕಲಿ ಎಂಬುದನ್ನೆಲ್ಲ ಮೋರ್ಸ್ ಅವನ ಮುಂದೆ ಕೂತು ಕಲಿತ. ಅವನು ಕಲಿಸಿದ, ಇವನು ಕೊಳ್ಳುತ್ತಾ ಹೋದ. ಪ್ರಾಣಿಶಾಸ್ತ್ರಜ್ಞನ ಅಭ್ಯಾಸ ಎಲ್ಲಿ ಹೋಗುತ್ತದೆ? ಚೆಂದದ್ದು ಮಾತ್ರ ಸಾಲದು, ಪ್ರತಿ ಸೀಮೆಯ, ಪ್ರತಿ ಕುಲುಮೆಯ ಮಾದರಿ ಬೇಕು. ಜೀವಜಾತಿಗಳನ್ನು ಜೋಡಿಸಿದಂತೆ ಮಡಕೆಗಳನ್ನೂ ಜೋಡಿಸಿಟ್ಟ.

ಎರಡನೆಯವನು ಅರ್ನೆಸ್ಟ್ ಫೆನೊಲೊಸಾ. ಮೆಸಾಚುಸೆಟ್ಸ್‌ನ ಸೇಲಂ ಊರಿನಲ್ಲಿ 1853ರಲ್ಲಿ ಹುಟ್ಟಿದವನು, ತಂದೆ ಸ್ಪೇನಿನಿಂದ ಬಂದ ಸಂಗೀತಗಾರ. ವಿಶ್ವವಿದ್ಯಾಲಯಕ್ಕೆ ತತ್ತ್ವಶಾಸ್ತ್ರದ ಮೇಷ್ಟ್ರೊಬ್ಬರು ಬೇಕು ಎಂದಾಗ ಮೋರ್ಸ್ ತನ್ನ ಪರಿಚಯದ ವಲಯದಲ್ಲೇ ಹುಡುಕಿದ್ದ. ಹಾಗೆ 1878ರಲ್ಲಿ ಫೆನೊಲೊಸಾ ಟೋಕಿಯೋಗೆ ಬಂದ. ಹೆಗೆಲ್ ಮತ್ತು ಸ್ಪೆನ್ಸರ್ ಪಾಠ ಮಾಡುತ್ತಿದ್ದವನಿಗೆ ಬಿಡುವಿನಲ್ಲಿ ಹಳೆಯ ಚಿತ್ರಸುರುಳಿಗಳ ಗೀಳು ಹತ್ತಿತು. ವಿದೇಶಿ ಮೇಷ್ಟ್ರುಗಳಿಗೆ ಸ್ಥಳೀಯರಿಗಿಂತ ಹಲವು ಪಟ್ಟು ಸಂಬಳವಿದ್ದ ಕಾಲ ಅದು. ಅವನ ಬಳಿ ಹಣವಿತ್ತು, ಓದಿ ಹೇಳಲು ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗಳಿದ್ದರು. ಅವರಲ್ಲೊಬ್ಬ ಒಕಾಕುರಾ ಕಾಕುಜೊ.

ಮೂರನೆಯವನು ವಿಲಿಯಂ ಸ್ಟರ್ಜಿಸ್ ಬಿಗೆಲೊ. ತಂದೆ ಬಾಸ್ಟನ್ನಿನ ಹೆಸರಾಂತ ಶಸ್ತ್ರವೈದ್ಯ; ತಾಯಿಯ ಮನೆತನ ಚೀನಾ ವ್ಯಾಪಾರದಲ್ಲಿ ಹಣ ಮಾಡಿದ್ದು. ಮಗನೂ ವೈದ್ಯಕೀಯ ಓದಿ, ಪ್ಯಾರಿಸಿನಲ್ಲಿ ಪಾಶ್ಚರ್ ಬಳಿ ಕಲಿತು ಬಂದಿದ್ದ. ಆದರೆ ಕತ್ತರಿ ಹಿಡಿಯುವುದರಲ್ಲಿ ಮನಸ್ಸಿಲ್ಲ. 1881–82ರ ಚಳಿಗಾಲದಲ್ಲಿ, ಊರಿಗೆ ಮರಳಿದ್ದ ಮೋರ್ಸ್ ಬಾಸ್ಟನ್ನಿನಲ್ಲಿ ಜಪಾನಿನ ಬಗ್ಗೆ ಉಪನ್ಯಾಸ ಮಾಲೆ ಕೊಟ್ಟ. ಮೋರ್ಸ್ ಎರಡೂ ಕೈಗಳಲ್ಲಿ ಒಟ್ಟೊಟ್ಟಿಗೆ ಕಪ್ಪುಹಲಗೆಯ ಮೇಲೆ ಚಿತ್ರ ಬಿಡಿಸಬಲ್ಲವನು. ಅವನ ಉಪನ್ಯಾಸ ಎಂದರೆ ಜನ ಸೇರುತ್ತಿತ್ತು. ಕೇಳಿದ ಬಿಗೆಲೊ ಅವನೊಡನೆ ಜಪಾನಿಗೇ ಹೊರಟುಬಿಟ್ಟ. ಕೆಲವು ತಿಂಗಳಿಗೆಂದು ಬಂದವನು ಏಳು ವರ್ಷ ಉಳಿದ. ಅದೇ ಉಪನ್ಯಾಸಗಳಿಂದ ಜಪಾನಿನತ್ತ ತಿರುಗಿದ ಇನ್ನೊಬ್ಬ ಪರ್ಸಿವಲ್ ಲೊವೆಲ್. ಮುಂದೆ ಮಂಗಳ ಗ್ರಹದಲ್ಲಿ ಕಾಲುವೆಗಳಿವೆ ಎಂದು ವಾದಿಸಿ ಪ್ರಸಿದ್ಧನಾದ ಖಗೋಳಜ್ಞ.

ಆಗ ವಿದೇಶಿಯರು ಜಪಾನಿನಲ್ಲಿ ಇಷ್ಟಬಂದಲ್ಲಿ ತಿರುಗುವಂತಿರಲಿಲ್ಲ. ಒಪ್ಪಂದದ ಬಂದರುಗಳ ಸುತ್ತ ಹತ್ತು ‘ರಿ’, ಅಂದರೆ ಸುಮಾರು 40 ಕಿಲೋಮೀಟರ್ ಅವರ ಗಡಿ. ಅದರಾಚೆ ಹೋಗಲು ಸರ್ಕಾರದಿಂದ ಪರವಾನಗಿ ಪತ್ರ ಪಡೆಯಬೇಕು. ಪತ್ರ ಸಿಗುತ್ತಿದ್ದದ್ದು ಆರೋಗ್ಯ ಸುಧಾರಣೆ, ಸಸ್ಯಶೋಧನೆ, ವೈಜ್ಞಾನಿಕ ಅಧ್ಯಯನ ಇಂಥ ಕಾರಣಗಳಿಗೆ. ‘ಸುಮ್ಮನೆ ನೋಡಲು’ ಎನ್ನುವುದಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. 1899ರಲ್ಲಿ ಹೊಸ ಒಪ್ಪಂದಗಳು ಜಾರಿಗೆ ಬರುವವರೆಗೂ ಈ ಕಟ್ಟಳೆ ಉಳಿಯಿತು. ಹಾಗಾಗಿ ಆ ಕಾಲದ ವಿದೇಶಿಯರ ಎಷ್ಟೋ ಪ್ರವಾಸಗಳು ಕಾಗದದ ಮೇಲೆ ಅಧ್ಯಯನ, ದಾರಿಯಲ್ಲಿ ತಿರುಗಾಟ.

ಹೊರಡುವಾಗಲೇ ಮೂವರೂ ಬೇಟೆಯನ್ನು ಹಂಚಿಕೊಂಡಿದ್ದರು. ಮೋರ್ಸ್‌ಗೆ ಮಡಕೆ–ಬಟ್ಟಲು, ಬಿಗೆಲೊಗೆ ಕತ್ತಿ ಮತ್ತು ಅರಗಿನ ಕೆಲಸದ ಸಾಮಾನು, ಫೆನೊಲೊಸಾಗೆ ಚಿತ್ರ. ಒಬ್ಬರದ್ದರ ಮೇಲೆ ಇನ್ನೊಬ್ಬರು ಕಣ್ಣು ಹಾಕುವ ಪ್ರಮೇಯವಿಲ್ಲ. ಗೆಳೆತನ ಕೆಡದಿರಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ? ಶಿಜುವೊಕಾ, ನಗೊಯಾ, ಕ್ಯೋಟೋ, ಇನ್ನೂ ಪಶ್ಚಿಮಕ್ಕೆ ಹಿರೊಶಿಮಾ ಕಡೆಯವರೆಗೆ ಸುತ್ತಿದರು. ಮೋರ್ಸ್ ತನ್ನ ದಿನಚರಿಯಲ್ಲಿ ಕಂಡದ್ದನ್ನೆಲ್ಲ ಬರೆದ, ಬಿಡಿಸಿದ: ಛತ್ರದ ಅಡುಗೆಮನೆ, ಬಾವಿಯ ರಾಟೆ, ಮಕ್ಕಳ ಆಟ, ಅಂಗಡಿಯ ಫಲಕ. ಈ ದಿನಚರಿ ‘ಜಪಾನ್ ಡೇ ಬೈ ಡೇ’ ಎಂಬ ಹೆಸರಿನಲ್ಲಿ 1917ರಲ್ಲಿ ಪುಸ್ತಕವಾಯಿತು. ಹೊರಡುವ ಮುಂಚೆಯೇ ಅವನು ಅದರಲ್ಲಿ ಒಂದು ಲೆಕ್ಕ ಹಾಕಿಟ್ಟಿದ್ದಾನೆ. ಮೂವರ ಸಂಗ್ರಹವೂ ಸೇರಿದರೆ ಜಪಾನೀ ಕಲೆಯ ಜಗತ್ತಿನ ಅತಿ ದೊಡ್ಡ ಸಂಗ್ರಹ ಬಾಸ್ಟನ್ ಸೀಮೆಯಲ್ಲಿರುತ್ತದೆ ಎಂಬುದು ಅದರ ತಾತ್ಪರ್ಯ. ಈ ಸಾಲಿನಲ್ಲಿ ಕಾಣುವುದು ಗೆಳೆಯರೊಡನೆ ಹೊರಟವನ ಉತ್ಸಾಹ. ಆದರೆ ಜಪಾನಿನ ಕಡೆಯಿಂದ ಓದಿದರೆ ಅದೇ ಸಾಲು ಬೇರೆಯದೇ ಅರ್ಥ ಕೊಡುತ್ತದೆ.

ಅಷ್ಟೊಂದು ಸಾಮಾನು ಮಾರುಕಟ್ಟೆಗೆ ಬಂದದ್ದಾದರೂ ಹೇಗೆ? 1868ರ ಮೆಯಿಜಿ ಬದಲಾವಣೆಯ ನಂತರ ಹೊಸ ಸರ್ಕಾರ ಶಿಂಟೋ ಮತ್ತು ಬೌದ್ಧ ಆರಾಧನೆಗಳನ್ನು ಬೇರ್ಪಡಿಸಿತು. ಆ ಆದೇಶದ ಬೆನ್ನಿಗೆ ಅನೇಕ ಕಡೆ ಬೌದ್ಧ ದೇಗುಲಗಳ ಮೇಲೆ ದಾಳಿಗಳಾದವು. ಮೂರ್ತಿಗಳು ಒಡೆದವು, ಸುಟ್ಟವು. ದೇಗುಲಗಳ ಭೂಮಿ ಹೋಯಿತು. 1871ರಲ್ಲಿ ಪಾಳೆಯಗಾರರ ಸಂಸ್ಥಾನಗಳು ರದ್ದಾದವು. 1876ರಲ್ಲಿ ಸಾಮುರಾಯ್‌ಗಳು ಬಹಿರಂಗವಾಗಿ ಕತ್ತಿ ಧರಿಸುವುದಕ್ಕೆ ನಿಷೇಧ ಬಂತು. ಅದೇ ವರ್ಷ ಅವರ ವಂಶಪಾರಂಪರ್ಯ ಭತ್ಯೆಯೂ ನಿಂತು, ಬದಲಿಗೆ ಸಾಲಪತ್ರಗಳು ಕೈಗೆ ಬಂದವು. ಧರಿಸುವಂತಿಲ್ಲದ ಕತ್ತಿ, ಪೂಜೆ ನಿಂತ ಮೂರ್ತಿ, ಅತಿಥಿಗಳು ಬಾರದ ಮನೆಯ ಚಹಾ ಬಟ್ಟಲು. ಅಂಗಡಿಗೆ ಬಂದವು ಇವು. ಗೆಳೆಯರು ಬೆಲೆ ಕೊಟ್ಟೇ ಕೊಂಡರು, ಕದಿಯಲಿಲ್ಲ. ಆದರೆ ಮಾರುವವನ ಒಲೆ ಹತ್ತದ ದಿನದ ಬೆಲೆ ಎಂಥ ಬೆಲೆ ಎನ್ನುವುದು, ಬರಗಾಲದಲ್ಲಿ ಒಡವೆ ಅಡವಿಟ್ಟ ಮನೆಗಳ ನೆನಪಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದು ಮೋರ್ಸ್‌ಗೂ ಹೊಳೆಯದ ಸಂಗತಿಯಲ್ಲ. ಇಷ್ಟು ಒಳ್ಳೆಯ ವಸ್ತುಗಳು ದೇಶ ಬಿಟ್ಟು ಹೋಗುತ್ತಿವೆ, ಸರ್ಕಾರ ಸುಮ್ಮನಿದೆಯಲ್ಲ ಎಂದು ಅವನು ಗೆಳೆಯರ ನಡುವೆ ಮರುಗಿದ್ದನ್ನು ಅವನ ಜೀವನಚರಿತ್ರೆ ದಾಖಲಿಸುತ್ತದೆ. ಮರುಗುತ್ತಲೇ ಕೊಂಡ. ಅವನು ಕಪಟಿಯೆಂದು ನನಗನ್ನಿಸುವುದಿಲ್ಲ. ತಾನು ಕೊಳ್ಳದಿದ್ದರೆ ಇನ್ನಾರೋ ಕೊಳ್ಳುತ್ತಾರೆ, ತನ್ನ ಬಳಿಯಾದರೆ ಭದ್ರವಾಗಿರುತ್ತದೆ ಎಂದು ಹೇಳಿಕೊಳ್ಳುವುದು ಸಂಗ್ರಹಕಾರರೆಲ್ಲರ ಹಳೆಯ ಸಮಾಧಾನ.

ಫೆನೊಲೊಸಾನ ಸ್ಥಿತಿ ಇನ್ನೂ ಸಿಕ್ಕು. 1882ರಲ್ಲೇ ಅವನು ಟೋಕಿಯೋದಲ್ಲಿ ಗಣ್ಯರ ಮುಂದೆ ಭಾಷಣ ಮಾಡಿ, ಪಶ್ಚಿಮದ ತೈಲಚಿತ್ರದ ಹಿಂದೆ ಓಡಬೇಡಿ, ನಿಮ್ಮ ಚಿತ್ರಕಲೆ ಅದಕ್ಕಿಂತ ಮೇಲು ಎಂದು ಹೇಳಿದ. ಕೆಲಸವಿಲ್ಲದೆ ಬಡತನಕ್ಕಿಳಿದಿದ್ದ ಕಾನೊ ಹೊಗಾಯ್ ಎಂಬ ಹಿರಿಯ ಚಿತ್ರಕಾರನಿಗೆ ಬೆಂಬಲವಾಗಿ ನಿಂತ. 1884ರಲ್ಲಿ ಒಕಾಕುರಾ ಜೊತೆ ಹೊರ್ಯುಜಿ ದೇಗುಲಕ್ಕೆ ಹೋಗಿ, ‘ಕನಸಿನ ಮಂಟಪ’ದಲ್ಲಿ ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದ ಕನ್ನೊನ್ ಮೂರ್ತಿಯನ್ನು ತೆರೆಸಿದ, ತೆರೆದರೆ ಕೇಡಾಗುತ್ತದೆಂದು ಅಲ್ಲಿನ ಭಿಕ್ಷುಗಳು ಹೆದರಿದ್ದರಂತೆ. 1886ರಲ್ಲಿ ಸರ್ಕಾರವೇ ಅವನನ್ನು ಕಲಾ ವಿಷಯಗಳ ಅಧಿಕಾರಿಯಾಗಿ ನೇಮಿಸಿತು. ದೇಶದ ನಿಧಿಗಳನ್ನು ಪಟ್ಟಿಮಾಡುವುದು, ಕಾಪಾಡುವುದು ಅವನ ಕೆಲಸದ ಭಾಗ. ಅದೇ 1886ರಲ್ಲಿ ಅವನು ತನ್ನ ಸ್ವಂತ ಚಿತ್ರಸಂಗ್ರಹವನ್ನು ಚಾರ್ಲ್ಸ್ ವೆಲ್ಡ್ ಎಂಬ ಬಾಸ್ಟನ್ನಿನ ಶ್ರೀಮಂತನಿಗೆ ಮಾರಿದ, ಅದು ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯಕ್ಕೆ ಸೇರಬೇಕೆಂಬ ಷರತ್ತಿನೊಂದಿಗೆ. ಅದರಲ್ಲಿ ಸಾಂಜೊ ಅರಮನೆಯ ಮೇಲಿನ ರಾತ್ರಿ ದಾಳಿಯನ್ನು ಚಿತ್ರಿಸುವ 13ನೇ ಶತಮಾನದ ಸುರುಳಿಯೂ ಇತ್ತು. ಜಪಾನಿನ ಯುದ್ಧಚಿತ್ರಗಳಲ್ಲಿ ಅದಕ್ಕೆ ಸಾಟಿಯಾದವು ಕಡಿಮೆ. ಅದು ಈಗಲೂ ಬಾಸ್ಟನ್ನಿನಲ್ಲಿದೆ.

ಮೋರ್ಸ್ ತನ್ನ ಸುಮಾರು 5,000 ಕುಂಬಾರಿಕೆಯ ವಸ್ತುಗಳನ್ನು 1892ರಲ್ಲಿ ಅದೇ ಸಂಗ್ರಹಾಲಯಕ್ಕೆ ಮಾರಿದ. ಬಿಗೆಲೊ ತನ್ನ ಅಪಾರ ಸಂಗ್ರಹವನ್ನು 1911ರಲ್ಲಿ ದಾನವಾಗಿಯೇ ಕೊಟ್ಟ. ರಿಕ್ಷಾದಲ್ಲಿ ಹೊರಟಾಗ ಮೋರ್ಸ್ ಹಾಕಿದ್ದ ಲೆಕ್ಕ ಮೂವತ್ತು ವರ್ಷದೊಳಗೆ ನಿಜವಾಯಿತು.

ಈ ಕತೆಯನ್ನು ಸಾಮಾನ್ಯವಾಗಿ ಹೇಳುವ ರೀತಿಯೊಂದಿದೆ: ಜಪಾನೀಯರು ತಮ್ಮ ಕಲೆಯನ್ನು ತಿಪ್ಪೆಗೆ ಎಸೆಯುತ್ತಿದ್ದಾಗ ಮೂವರು ಅಮೆರಿಕನ್ನರು ಬಂದು ಅದರ ಬೆಲೆ ತಿಳಿಸಿದರು ಎಂದು. ಇಲ್ಲಿ ಮತ್ತೆ ನಿನಾಗಾವಾನನ್ನು ನೆನೆಯಬೇಕು. ಹಳೆಯ ವಸ್ತುಗಳನ್ನು ಕಾಪಾಡಬೇಕೆಂದು ಜಪಾನ್ ಸರ್ಕಾರ 1871ರಲ್ಲೇ ಆದೇಶ ಹೊರಡಿಸಿತ್ತು. 1872ರಲ್ಲಿ ಮಾಚಿದಾ ಹಿಸಾನಾರಿಯ ನೇತೃತ್ವದ ತಂಡವೊಂದು ಕ್ಯೋಟೋ, ನಾರಾ ಸೀಮೆಯ ದೇಗುಲಗಳನ್ನು ಸುತ್ತಿ ಅಲ್ಲಿನ ನಿಧಿಗಳನ್ನು ಪಟ್ಟಿಮಾಡಿತು, ಛಾಯಾಚಿತ್ರ ತೆಗೆಸಿತು. ಆ ತಂಡದಲ್ಲಿ ನಿನಾಗಾವಾ ಇದ್ದ. ಅಂದರೆ ಮೋರ್ಸ್ ಜಪಾನಿನ ನೆಲ ಮೆಟ್ಟುವ ಐದು ವರ್ಷ ಮೊದಲೇ, ಫೆನೊಲೊಸಾ ಕನಸಿನ ಮಂಟಪದ ಬಾಗಿಲು ತೆರೆಸುವ ಹನ್ನೆರಡು ವರ್ಷ ಮೊದಲೇ, ಬೆಲೆ ಗೊತ್ತಿದ್ದವರು ಅಲ್ಲಿದ್ದರು. ಅವರಲ್ಲಿ ಇಲ್ಲದಿದ್ದದ್ದು ಕಣ್ಣಲ್ಲ, ಕಾಸು. ನಿನಾಗಾವಾ ತೀರಿಕೊಂಡದ್ದು 1882ರಲ್ಲಿ, ಗೆಳೆಯರು ತೊಕಾಯ್ದೊ ಹೆದ್ದಾರಿಗಿಳಿದ ಅದೇ ವರ್ಷ. ಆ ಪ್ರವಾಸದಲ್ಲಿ ಮೋರ್ಸ್ ಅಂಗಡಿಯೊಂದರಲ್ಲಿ ಬಟ್ಟಲನ್ನೆತ್ತಿ, ತಿರುಗಿಸಿ, ತಳದ ಮುದ್ರೆ ನೋಡಿದಾಗಲೆಲ್ಲ ನೋಡುತ್ತಿದ್ದದ್ದು ನಿನಾಗಾವಾ ಕೊಟ್ಟ ಕಣ್ಣಿನಿಂದ. ಸಂಗ್ರಹಕ್ಕೆ ಮೋರ್ಸ್ ಹೆಸರು ಉಳಿಯಿತು.

ಆದರೂ ಈ ಗೆಳೆತನಗಳನ್ನು ಬರೀ ಲೂಟಿ ಎಂದು ಬರೆದುಬಿಡಲು ನನಗೆ ಕೈ ಬರುವುದಿಲ್ಲ. ಜಪಾನೀ ಗೆಳೆಯನೊಬ್ಬನ ಜೊತೆ ಬಿಲ್ಲುಗಾರಿಕೆಗೆ ನಿಂತ ಮೋರ್ಸ್‌ಗೆ, ಅವನು ಬಾಣ ಹಿಡಿಯುವ ರೀತಿ ತಾನು ಕಲಿತದ್ದಕ್ಕಿಂತ ಪೂರ್ತಿ ಬೇರೆ ಎಂದು ಕಂಡಿತು. ಬಿಲ್ಲನ್ನು ಹಿಡಿಯಲು ಇರುವುದು ಒಂದೇ ಸರಿಯಾದ ರೀತಿ ಎಂದು ಅಲ್ಲಿಯವರೆಗೆ ನಂಬಿದ್ದವನು ಆಮೇಲೆ ಲೋಕದ ಬೇರೆ ಬೇರೆ ಜನ ಬಾಣ ಬಿಡುವ ಬಗೆಗಳ ಮೇಲೆ 1885ರಲ್ಲಿ ಪ್ರಬಂಧವನ್ನೇ ಬರೆದ. ನೋ ನಾಟಕದ ಮಹಾನಟ ಉಮೆವಾಕಾ ಮಿನೊರು ಬಳಿ ಮಂಡಿಯೂರಿ ಕೂತು ಹಾಡುಗಾರಿಕೆ ಕಲಿತ. ಫೆನೊಲೊಸಾ ಕೂಡ ಅದೇ ಗುರುವಿನ ಶಿಷ್ಯ. ಅವನು ಬಿಟ್ಟುಹೋದ ಟಿಪ್ಪಣಿಗಳು ಹೆಂಡತಿಯ ಮೂಲಕ ಕವಿ ಎಜ್ರಾ ಪೌಂಡ್ ಕೈಸೇರಿ ಇಂಗ್ಲಿಷ್ ಕಾವ್ಯದ ದಿಕ್ಕನ್ನೇ ಅಷ್ಟಿಷ್ಟು ಬದಲಿಸಿದವು. ಬಿಗೆಲೊ 1885ರಲ್ಲಿ ತೆಂದಾಯ್ ಪಂಥದ ಬೌದ್ಧ ದೀಕ್ಷೆ ಪಡೆದ. ನೋಡಲು ಹೋದವರು ನೋಡಿದ್ದರಿಂದ ತಾವೂ ಬದಲಾದರು.

ಮೋರ್ಸ್ ಕೊಂಡದ್ದರಲ್ಲಿ ಇನ್ನೊಂದು ರಾಶಿಯಿತ್ತು. ಮರದ ಚಪ್ಪಲಿ, ಬಡಗಿಯ ಉಪಕರಣ, ಅಂಗಡಿ ಫಲಕ, ಆಟಿಕೆ, ತಿಂಡಿ. ಕಲೆ ಎಂದು ಆಗ ಯಾರೂ ಕರೆಯದ, ಯಾರೂ ಎತ್ತಿಡದ ದಿನಬಳಕೆಯ ಸಾಮಾನು. ಅವು ಸೇಲಂನ ವಸ್ತುಸಂಗ್ರಹಾಲಯ ಸೇರಿದವು. ಬಳಸಿ ಎಸೆಯುವ ಇಂಥ ವಸ್ತುಗಳು ಜಪಾನಿನಲ್ಲೇ ಉಳಿದದ್ದು ಕಡಿಮೆ. ಹಾಗಾಗಿ ತಮ್ಮ ಮುತ್ತಜ್ಜಂದಿರ ದಿನನಿತ್ಯ ಹೇಗಿತ್ತೆಂದು ತೋರಿಸಲು ಜಪಾನಿನವರು ಈ ಸಾಮಾನನ್ನು ಸೇಲಂನಿಂದ ತರಿಸಿ ಪ್ರದರ್ಶನ ಏರ್ಪಡಿಸಿದ್ದುಂಟು.

ಈ ಸರಪಳಿಯ ಕೊಂಡಿಯೊಂದು ನಮ್ಮವರೆಗೂ ಬಂದಿದೆ. ಫೆನೊಲೊಸಾನ ವಿದ್ಯಾರ್ಥಿ ಒಕಾಕುರಾ 1902ರಲ್ಲಿ ಕಲ್ಕತ್ತೆಯಲ್ಲಿದ್ದ. ವಿವೇಕಾನಂದರನ್ನೂ ಠಾಕೂರರ ಮನೆಯವರನ್ನೂ ಕಂಡ. ಮರುವರ್ಷ ಪ್ರಕಟವಾದ ಅವನ ‘ದಿ ಐಡಿಯಲ್ಸ್ ಆಫ್ ದಿ ಈಸ್ಟ್’ ಪುಸ್ತಕಕ್ಕೆ ಮುನ್ನುಡಿ ಬರೆದವರು ಸೋದರಿ ನಿವೇದಿತಾ. 1904ರಲ್ಲಿ ಒಕಾಕುರಾ ಬಾಸ್ಟನ್ನಿನ ಆ ಸಂಗ್ರಹಾಲಯಕ್ಕೆ ಹೋದ. ತನ್ನ ಮೇಷ್ಟ್ರು ಹೊತ್ತೊಯ್ದಿದ್ದ ವಸ್ತುಗಳನ್ನೇ ವಿಂಗಡಿಸಿ ಪಟ್ಟಿಮಾಡಲು. 1917ರಲ್ಲಿ ಅದೇ ಸಂಸ್ಥೆಗೆ ಭಾರತೀಯ ಕಲೆಯ ಪಾಲಕರಾಗಿ ಬಂದವರು ಆನಂದ ಕುಮಾರಸ್ವಾಮಿ. ನಮ್ಮ ಶಿಲ್ಪ, ಚಿತ್ರಗಳನ್ನು ನೋಡುವ ಬಗೆಯನ್ನು ನಮಗೇ ಕಲಿಸಿದ ಅವರ ಬರಹಗಳಲ್ಲಿ ಬಹಳಷ್ಟು ಹುಟ್ಟಿದ್ದು ಬಾಸ್ಟನ್ನಿನ ಆ ಕಟ್ಟಡದಲ್ಲಿ.

ಜಪಾನ್ 1897ರಲ್ಲಿ ಹಳೆಯ ದೇಗುಲಗಳ ಸಂರಕ್ಷಣಾ ಕಾನೂನು ತಂದಿತು. 1932ರಲ್ಲಿ ಕಿಬಿ ಮಂತ್ರಿಯ ಚೀನಾ ಯಾತ್ರೆಯ ಚಿತ್ರಸುರುಳಿ ಬಾಸ್ಟನ್ನಿಗೆ ಮಾರಾಟವಾದಾಗ ಗದ್ದಲವೆದ್ದು, ಮರುವರ್ಷವೇ ಮುಖ್ಯ ಕಲಾವಸ್ತುಗಳು ದೇಶ ಬಿಡದಂತೆ ತಡೆಯುವ ಕಾನೂನು ಬಂತು. ಇನ್ನೊಂದು ಕಡೆ ಮೂವರು ಗೆಳೆಯರಿಗೂ ಜಪಾನ್ ಸರ್ಕಾರ ಗೌರವ ಪದಕಗಳನ್ನು ಕೊಟ್ಟಿತು. ಒಂದೇ ದೇಶ ಒಂದೇ ಸಂಗತಿಗೆ ಕೊಟ್ಟ ಈ ಎರಡು ಉತ್ತರಗಳಲ್ಲಿ ಯಾವುದನ್ನೂ ಸುಳ್ಳೆನ್ನಲಾಗದು.

ಫೆನೊಲೊಸಾ 1908ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನ ಬೂದಿಯನ್ನು ಆಮೇಲೆ ಬಿವಾ ಸರೋವರದ ಬಳಿಯ ಮಿಯಿದೆರಾ ದೇಗುಲದ ಆವರಣಕ್ಕೆ ತಂದರು. 1926ರಲ್ಲಿ ಸತ್ತ ಬಿಗೆಲೊನ ಬೂದಿಯ ಒಂದು ಪಾಲೂ ಅಲ್ಲಿಗೇ ಬಂತು. ಮೋರ್ಸ್ ಸೇಲಂನಲ್ಲೇ ಉಳಿದ. 1923ರ ಮಹಾಭೂಕಂಪದಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಗ್ರಂಥಾಲಯ ಸುಟ್ಟುಹೋದ ಸುದ್ದಿ ತಲುಪಿದಾಗ ಅವನಿಗೆ 85 ವರ್ಷ. ತನ್ನ ಸ್ವಂತ ಪುಸ್ತಕಗಳೆಲ್ಲ ತಾನು ಸತ್ತ ಮೇಲೆ ಆ ವಿಶ್ವವಿದ್ಯಾಲಯಕ್ಕೇ ಸೇರಬೇಕೆಂದು ಉಯಿಲನ್ನು ತಿದ್ದಿ ಬರೆಸಿದ. 1925ರಲ್ಲಿ ಅವನು ತೀರಿಕೊಂಡ ಬಳಿಕ ಸುಮಾರು 12,000 ಪುಸ್ತಕಗಳು ಹಡಗೇರಿ ಹೊರಟವು. ಮಡಕೆಗಳು ಒಮ್ಮೆ ದಾಟಿದ್ದ ಅದೇ ಕಡಲನ್ನು, ಎದುರು ದಿಕ್ಕಿನಲ್ಲಿ.